ಒಂದೇ ಮಗ್ಗದ ಸದ್ದು

ನಮ್ಮ ಗುಡ್ಡೆಯ ಕ್ರೈಸ್ತರಿಗೆ ಸದ್ದಿಲ್ಲದ ಜಾಗದಲ್ಲಿ ಪ್ರಾರ್ಥನೆ ಮಾಡಲು ಬರುತ್ತಿರಲಿಲ್ಲ. ಧಾರವಾಡದ ಕಡೆಯಿಂದ ವರ್ಗವಾಗಿ ಬಂದ ಪಾದ್ರಿ ನತಾನಿಯೇಲ ಅಯ್ಯನವರಿಗೆ ಇದು ಹೇಗೆ ಗೊತ್ತಾಗಬೇಕು?

ಪಡೀಲಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ನೇಯ್ಗೆ ಕಾರ್ಖಾನೆಯ ಸುತ್ತ ಕಟ್ಟಿದ ಸಾಲುಮನೆಗಳು ನಮ್ಮವು. ನಮ್ಮ ಅಜ್ಜಂದಿರು ಜ್ಞಾನಸ್ನಾನ ತೆಗೆದುಕೊಂಡಾಗ ಕುಟುಂಬದವರು ಹೊರಗೆ ಹಾಕಿದರು, ಮಿಶನಿನ ದೊರೆಗಳು ಮಗ್ಗ ಕೊಟ್ಟರು. ಬೆಳಿಗ್ಗೆ ಗಂಟೆ ಹೊಡೆದ ಕೂಡಲೇ ಒಂದು ಕೀರ್ತನೆ, ಒಂದು ವಾಕ್ಯ, ಆಮೇಲೆ ಕೆಲಸ. ನೂರಾರು ಮಗ್ಗ ಒಟ್ಟಿಗೆ ಹೊಡೆಯಲು ಶುರುವಾದರೆ ಪಕ್ಕದವಳು ಕಿರುಚಿದರೂ ಕೇಳದು. ನಮ್ಮ ನಿಜವಾದ ಪ್ರಾರ್ಥನೆ ನಡೆಯುತ್ತಿದ್ದದ್ದು ಆ ಸದ್ದಿನ ಅಡಿಯಲ್ಲಿ. ಗಂಡ ಹೊಡೆದದ್ದು, ಹೊಟ್ಟೆಯಲ್ಲಿ ನಿಲ್ಲದೆ ಹೋದ ಕೂಸು, ಅತ್ತೆಯ ಮೇಲಿನ ಸಿಟ್ಟು, ಎಲ್ಲವನ್ನೂ ಗಂಟಲು ಬಿಟ್ಟು ದೇವರಿಗೆ ಹೇಳುವುದು, ಲಾಳಿಯ ಹಗ್ಗ ಎಳೆಯುವುದು. ಪಕ್ಕದವಳ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಆ ತುಟಿಯನ್ನು ನೋಡಬಾರದು. ಯಾರೂ ಹೇಳಿಕೊಟ್ಟದ್ದಲ್ಲ, ಆದರೆ ಯಾರೂ ನೋಡುತ್ತಿರಲಿಲ್ಲ.

ಯುದ್ಧ ಬಂತು, ಶತ್ರುದೇಶದವರೆಂದು ಸರಕಾರದವರು ದೊರೆಗಳನ್ನು ಹಡಗು ಹತ್ತಿಸಿದರು. ಕಾರ್ಖಾನೆ ಬೇರೆಯವರ ಕೈಗೆ ಹೋಗಿ ಕೆಲವು ವರ್ಷ ಕುಂಟುತ್ತಾ ನಡೆದು, ಒಂದು ದಿನ ನಿಂತಿತು. ಗಂಡಸರು ಬೊಂಬಾಯಿಗೆ, ಕಣ್ಣೂರಿಗೆ ಹೋದರು. ನಾವು ಹೆಂಗಸರು ಗೇರುಬೀಜದ ಕಾರ್ಖಾನೆ ಸೇರಿ ಕೈಬೆರಳು ಕಪ್ಪು ಮಾಡಿಕೊಂಡೆವು. ದೇವಾಲಯದ ಬೆಂಚುಗಳು ಖಾಲಿ ಬಿದ್ದವು.

ಆ ವರ್ಷ ಈಸ್ಟರಿಗೆ ಮೊದಲು ಅಯ್ಯನವರು ಒಂದು ವಾರ ಉಜ್ಜೀವನದ ಪ್ರಾರ್ಥನಾಕೂಟ ಇಟ್ಟರು.

"ಉಜ್ಜೀವನ ಎಂದರೆ ಎಂತ ಅಯ್ಯನವರೇ? ಮಗ್ಗ ವಾಪಸು ಬರ್ತದಾ?" ಎಂದು ಕೇಳಿದವಳು ಬಾಗಿ ಅತ್ತೆ. ಜ್ಞಾನಸ್ನಾನದ ಹೆಸರು ಮಾರ್ತ, ಆದರೆ ಆ ಹೆಸರಿನಿಂದ ಕರೆದರೆ ಅವಳು ತಿರುಗಿಯೂ ನೋಡುವುದಿಲ್ಲ.

"ಮಗ್ಗ ಅಲ್ರೀ ತಾಯಿ, ಹೃದಯ. ಹೃದಯ ಹೊಸದಾಗಬೇಕು."

"ಹೃದಯ ಉಂಟು. ಅದಕ್ಕೆ ಗಂಜಿ ಇಲ್ಲ ನೋಡಿ."

ಸಂಜೆ ಹೋಗಿ ಕೂತೆವು. ಒಬ್ಬೊಬ್ಬರಾಗಿ ಬಾಯಿಬಿಟ್ಟು ಪ್ರಾರ್ಥಿಸಿ ಎಂದರು ಅಯ್ಯನವರು. ಗೋಡೆಯ ಗಡಿಯಾರ ಮಾತ್ರ ಮಾತಾಡಿತು. ಎರಡನೆಯ ಸಂಜೆಯೂ ಹಾಗೆಯೇ. ಮೂರನೆಯ ಸಂಜೆ ಅವರಿಗೆ ತಾಳ್ಮೆ ಹೋಯಿತು.

"ಏನಾಗೇದರೀ ನಿಮಗ? ಒಬ್ಬರೂ ಬಾಯಿ ಬಿಡವಲ್ರಿ! ದೇವರ ಮುಂದ ಎಂಥಾ ನಾಚಿಕಿ?"

ದೇವರ ಮುಂದೆ ನಮಗೆ ನಾಚಿಕೆ ಇರಲಿಲ್ಲ. ಬಾಗಿ ಅತ್ತೆಗೆ ಕೇಳುತ್ತದಲ್ಲ, ಅದು ಕಷ್ಟ.

ಆಗ ಎಸ್ತೆರಕ್ಕ ಎದ್ದು ನಿಂತಳು. ನನ್ನ ಪಕ್ಕದ ಮನೆಯವಳು, ವಿಧವೆ. ಹತ್ತು ಮಂದಿ ಇರುವಲ್ಲಿ ಅವಳ ಸ್ವರ ನಾನು ಕೇಳಿದ್ದೇ ಇಲ್ಲ.

"ಅಯ್ಯನವರೇ, ಕಾರ್ಖಾನೆಯ ಒಳಗೆ ಕೂತುಕೊಳ್ಳುವಾ? ಮೂಲೆಯ ಒಂದು ಮಗ್ಗ ಇನ್ನೂ ಉಂಟು. ಅದನ್ನು ಹೊಡೆದರೆ ನಮಗೆ ಪ್ರಾರ್ಥನೆ ಬರ್ತದೆ."

ಅಯ್ಯನವರು ಅವಳನ್ನೇ ನೋಡಿದರು. ಇದು ಭಕ್ತಿಯೋ ಮಂಕೋ ಎಂದು ಅವರಿಗೆ ತಿಳಿಯಲಿಲ್ಲ ಎಂದು ಕಾಣುತ್ತದೆ. ಕೊನೆಗೆ, "ಆಗಲಿ ನಡೀರಿ" ಎಂದರು.

ಅವಳು ಹಾಗೆ ಕೇಳಿದ್ದು ಮಗನಿಗಾಗಿ. ಮೋಹನದಾಸ್ ಮೀಸೆ ಮೂಡುವಾಗಲೇ ಆ ಮೂಲೆಯ ಮಗ್ಗಕ್ಕೆ ಕೂತವನು. ಮಗ್ಗ ನಿಂತ ದಿನ ಮನೆಗೆ ಬಂದು, "ದೇವರು ದೊರೆಗಳ ಸಂಗಡ ಹಡಗು ಹತ್ತಿ ಆಗಿದೆ ಅಮ್ಮ, ಇನ್ನು ನೀನು ಹೇಳುವುದು ಯಾರ ಹತ್ತಿರ?" ಎಂದವನು ಮತ್ತೆ ದೇವಾಲಯದ ಮೆಟ್ಟಿಲು ಹತ್ತಲಿಲ್ಲ. ಬಂದರಿನಲ್ಲಿ ಮೀನಿನ ವ್ಯಾಪಾರಿ ಹಾಶಿಂ ಸಾಹೇಬರ ಮೂಟೆ ಹೊತ್ತ. ಕೆಮ್ಮಿದಾಗ ರಕ್ತ ಬರಲು ಶುರುವಾಯಿತು. ಡಾಕ್ಟರು ಎಸ್ತೆರಕ್ಕನನ್ನು ಹೊರಗೆ ಕರೆದು ಮೆಲ್ಲಗೆ ಮಾತಾಡಿದರು. ಖಾಲಿ ಕಾರ್ಖಾನೆಯನ್ನು ಒಣಮೀನಿನ ಗೋದಾಮು ಮಾಡಿಕೊಂಡಿದ್ದ ಸಾಹೇಬರು, "ಮೂಟೆ ಹೊತ್ತದ್ದು ಸಾಕು ಮಾರಾಯ, ಬೀಗದಕೈ ಇಟ್ಟುಕೊಂಡು ಅಲ್ಲಿಯೇ ಕೂತುಕೋ" ಎಂದು ಅವನನ್ನು ಕಾವಲಿಗೆ ಕೂರಿಸಿದ್ದರು.

"ಹೋಗುವ ಮೊದಲು ಒಂದು ಮಾತು ಅವನು ದೇವರ ಹತ್ತಿರ ಆಡಬೇಕು," ಎಂದು ಎಸ್ತೆರಕ್ಕ ಗೇರುಬೀಜ ಒಡೆಯುತ್ತಾ ನನ್ನ ಹತ್ತಿರ ಹೇಳಿದ್ದಳು. "ಒಂದೇ ಒಂದು ಮಾತು. ನಾನು ಬೇರೆ ಎಂತದೂ ಕೇಳುವುದಿಲ್ಲ."

ಅವನು ದೇವರ ಮನೆಗೆ ಬರಲಾರ. ಹಾಗಾದರೆ ದೇವರ ಮನೆಯವರೇ ಅವನಿದ್ದಲ್ಲಿಗೆ ಹೋಗಲಿ ಎಂದು ಅವಳ ಲೆಕ್ಕ.

ಮರುದಿನ ಸಂಜೆ ಮೋಹನದಾಸ್ ಬೀಗ ತೆಗೆದು ಒಂದು ಮೂಟೆಯ ಮೇಲೆ ಕೂತ. ಕತ್ತಿನ ಎಲುಬು ಅಂಗಿಯ ಹೊರಗೆ ಎದ್ದು ಕಾಣುತ್ತಿತ್ತು. ಒಳಗೆಲ್ಲ ಬಂಗುಡೆ ಮೀನಿನ ವಾಸನೆ. ಅಯ್ಯನವರು ಕರ್ಚೀಫನ್ನು ಮೂಗಿಗೆ ಹಿಡಿದುಕೊಳ್ಳುವುದೋ ಬೇಡವೋ ಎಂದು ಒದ್ದಾಡುತ್ತಿದ್ದರು.

"ಕರ್ತನ ಶಿಷ್ಯರೂ ಮೀನಿನವರೇ ಅಲ್ವಾ ಅಯ್ಯನವರೇ," ಎಂದಳು ಬಾಗಿ ಅತ್ತೆ.

ಹೆಂಚಿನ ಮಾಡನ್ನು ಹೊತ್ತ ಕಂಬಕ್ಕೆ ಸೇರಿಸಿ ಕಟ್ಟಿದ್ದರಿಂದ ಆ ಒಂದು ಮಗ್ಗವನ್ನು ಯಾರೂ ಬಿಚ್ಚಿರಲಿಲ್ಲ. ಅದರಲ್ಲಿ ನೂಲು ಇಲ್ಲ, ಹಲಗೆಯ ಮೇಲೆ ಲಾಳಿ ಮಾತ್ರ. ಬಾಗಿ ಅತ್ತೆ ಕೂತು ಹಗ್ಗ ಎಳೆದಳು. ಲಾಳಿ ಹಾರಿ ಅಯ್ಯನವರ ಕಾಲಿನ ಹತ್ತಿರ ಬಿತ್ತು.

"ಬಿಡಿ ಅತ್ತೆ," ಎಂದು ಮೋಹನದಾಸ್ ಮೂಟೆಯಿಂದ ಇಳಿದ. "ಅಯ್ಯನವರನ್ನು ಕೊಂದೀರಿ. ಅದು ನನ್ನ ಮಗ್ಗ." ಕೂತು ಮಗ್ಗದ ಕಾಲುಮೆಟ್ಟಿನ ಮೇಲೆ ಕಾಲಿಟ್ಟ. "ಪ್ರಾರ್ಥನೆ ನಿಮ್ಮದು. ಸದ್ದು ಮಾತ್ರ ನನ್ನದು. ನನ್ನ ಹತ್ತಿರ ಬೇರೆ ಎಂತದೂ ಕೇಳಬೇಡಿ."

ಟಕ್, ಟಕ್. ನೂಲಿಲ್ಲದ ಮಗ್ಗದ ಹಲಗೆ ಮುಂದೆ ಬಂದು ಬಡಿಯಿತು. ಎಷ್ಟು ವರ್ಷವಾಗಿತ್ತು! ಮಡಿಲಲ್ಲಿದ್ದ ನನ್ನ ಚಿಕ್ಕ ಮಗು ಬೆಚ್ಚಿ ಕಣ್ಣು ಬಿಟ್ಟಿತು. ಅದು ಹುಟ್ಟಿದ ಮೇಲೆ ಈ ಗುಡ್ಡೆಯಲ್ಲಿ ಆ ಸದ್ದು ಆಗಿರಲೇ ಇಲ್ಲ.

ಎಸ್ತೆರಕ್ಕ ಕಣ್ಣು ಮುಚ್ಚಿದಳು. ಸದ್ದು ಕಿವಿಗೆ ಬಿದ್ದದ್ದೇ ಸಾಕಾಯಿತು ಅವಳಿಗೆ, ಅಭ್ಯಾಸದಲ್ಲಿ ಗಂಟಲು ಬಿಟ್ಟಳು. ಒಂದು ಮಗ್ಗಕ್ಕೆ ನೂರು ಮಗ್ಗದ ಸದ್ದು ಇರುವುದಿಲ್ಲ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಒಂದು ಏಟಿಗೂ ಇನ್ನೊಂದು ಏಟಿಗೂ ನಡುವೆ ಅವಳ ಮಾತು ಒಂದೊಂದೂ ಬಿಡಿಬಿಡಿಯಾಗಿ ಎಲ್ಲರಿಗೂ ಕೇಳಿತು.

"ಕರ್ತನೇ, ಅವನನ್ನು ಮೊದಲು ಕರಕೊಂಡು ಹೋಗು. ನನ್ನನ್ನು ಮೊದಲು ಕರೀಬೇಡ. ನಾನು ಹೋದರೆ ಅವನ ವಾಂತಿ ಬಳಿಯುವವರು ಯಾರು? ಅವನ ರಕ್ತದ ಬಟ್ಟೆ ಯಾರು ಮುಟ್ತಾರೆ? ಎಲ್ಲರಿಗೂ ಹೆದರಿಕೆ ಉಂಟು, ನನಗೆ ಗೊತ್ತುಂಟು. ತಾಯಿಯಾಗಿ ಹೀಗೆ ಕೇಳ್ತೇನೆ, ಕ್ಷಮಿಸು. ನನ್ನ ಮಗ ನನಗಿಂತ ಮೊದಲು ಸಾಯಲಿ. ನನ್ನ ಕೈಯಲ್ಲಿಯೇ ಸಾಯಲಿ."

ಅಯ್ಯನವರ ಕರ್ಚೀಫು ಕೈಯಲ್ಲಿ ಹಾಗೆಯೇ ಉಳಿಯಿತು. ಮಗ್ಗ ಅರೆಕ್ಷಣ ತಪ್ಪಿತು.

ನಿಂತೇ ಬಿಡುತ್ತದೆ ಎಂದುಕೊಂಡೆ. ನಿಲ್ಲಲಿಲ್ಲ. ಮೋಹನದಾಸ್ ತಲೆ ಬಗ್ಗಿಸಿ ಹೊಡೆಯತೊಡಗಿದ. ಜೋರಾಗಿ, ಇನ್ನೂ ಜೋರಾಗಿ, ನಡುವೆ ಕೆಮ್ಮಿ, ತೋಳಿನಿಂದ ಬಾಯಿ ಒರಸಿ ಮತ್ತೆ ಹಗ್ಗ ಎಳೆದು. ಅವಳ ಮಾತನ್ನು ಮುಚ್ಚಲು ಅವನಿಗೆ ಬೇರೆ ಬಟ್ಟೆ ಇರಲಿಲ್ಲ.

ಅವಳು ಕಣ್ಣು ಬಿಡದೆ ಹೇಳುತ್ತಲೇ ಇದ್ದಳು. ಒಂದು ಮಗ್ಗ ಸಾಲಲಿಲ್ಲ.

ಮೊದಲು ಬಾಯಿ ಬಿಟ್ಟವಳು ಬಾಗಿ ಅತ್ತೆ. "ಓ ದೇವರೇ!" ಎಂದು ಮಾಡು ಹಾರುವ ಹಾಗೆ ಕೂಗಿ, ಬೊಂಬಾಯಿಯಲ್ಲಿ ಇನ್ನೊಬ್ಬಳನ್ನು ಇಟ್ಟುಕೊಂಡ ತನ್ನ ಅಳಿಯನ ಕಥೆ ಶುರುಮಾಡಿದಳು. ಎಲ್ಲರಿಗೂ ಕೇಳಿತು. ಕೇಳಲಿ ಎಂದೇ ಅವಳು ಹೇಳಿದ್ದು. ಹಿಂದಿನಿಂದ ಮತ್ತೊಬ್ಬಳು, ಗೋಡೆಯ ಹತ್ತಿರ ಇಬ್ಬರು ಮುದುಕರು. ನಾನೂ ಬಾಯಿ ಬಿಟ್ಟೆ. ಎಂತ ಹೇಳಿದೆನೋ. ಎಸ್ತೆರಕ್ಕನ ಮಾತು ಕೇಳಿಸದೆ ಹೋಗುವವರೆಗೆ ಎಲ್ಲರೂ ಕೂಗಿದೆವು. ಅಯ್ಯನವರು ಮೀನಿನ ಮೂಟೆಗಳ ನಡುವೆ ಮೊಣಕಾಲೂರಿದರು. ಅವರ ಮುಖ ಒದ್ದೆಯಾಗಿತ್ತು. ಇದೇ ಉಜ್ಜೀವನ ಎಂದು ಅವರಿಗೆ ಅನಿಸಿರಬೇಕು. ನಾವು ಯಾರೂ ಬೇರೆ ಹೇಳಲು ಹೋಗಲಿಲ್ಲ.

ಮುಗಿದ ಮೇಲೆ ಮನೆಯ ಕಡೆ ನಡೆದೆವು. ಮುಂದೆ ಮೋಹನದಾಸ್, ಅವನ ಹಿಂದೆ ಎಸ್ತೆರಕ್ಕ, ಅವಳ ಹಿಂದೆ ಮಗುವನ್ನು ಎತ್ತಿಕೊಂಡು ನಾನು. ತನ್ನ ಮಾತು ಎಲ್ಲರಿಗೂ ಕೇಳಿತೆಂದು ಅವಳಿಗೆ ಗೊತ್ತೇ ಇರಲಿಲ್ಲ. ಕಾರ್ಖಾನೆಯ ಕಾಲದ ಹಾಗೆ ಎದೆ ಹಗುರ ಮಾಡಿಕೊಂಡು ಬಂದವಳ ನಡಿಗೆ.

ತಿರುವಿನಲ್ಲಿ ಅವನು ಉಸಿರಿಗಾಗಿ ನಿಂತ.

"ಅಮ್ಮ, ನಾನು ಆಮೆನ್ ಹೇಳಿದೆ."

ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. "ಹೌದಾ ಮಗಾ? ನೀನೂ ಪ್ರಾರ್ಥನೆ ಮಾಡಿದಿಯಾ? ಎಂತದಕ್ಕೆ ಆಮೆನ್?"

"ನೀನು ಕೇಳಿದ್ದಕ್ಕೆ."

ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ದಾರಿಬದಿಯ ಮುರಕಲ್ಲಿನ ಕಟ್ಟೆಯ ಮೇಲೆ ಕುಸಿದು ಕೂತಳು. ಕಪ್ಪು ಬೆರಳುಗಳಿಂದ ಬಾಯಿ ಮುಚ್ಚಿಕೊಂಡಳು, ಆಡಿದ ಮಾತು ಈಗಲೂ ಹಿಂದೆ ತೆಗೆದುಕೊಳ್ಳಬಹುದೇನೋ ಎಂಬ ಹಾಗೆ.

ಅವನು ಕೈ ಚಾಚಿದ. "ಏಳಮ್ಮ. ನೀನು ಸರಿಯಾಗಿಯೇ ಕೇಳಿದ್ದು. ನನಗೂ ಅದೇ ಹೆದರಿಕೆ ಇತ್ತು. ನಡಿ, ಗಂಜಿ ತಣಿದೀತು."

ಮಳೆಗಾಲ ಹಿಡಿಯುವ ಮೊದಲೇ ಅವನು ಹೋದ. ಎಸ್ತೆರಕ್ಕ ಯಾರನ್ನೂ ಮುಟ್ಟಲು ಬಿಡದೆ ತಾನೇ ಮೀಯಿಸಿದಳು. ಗುಡ್ಡೆಯ ಬೆಂಚುಗಳೇನೂ ತುಂಬಲಿಲ್ಲ. ಆ ವರ್ಷ ಇನ್ನೆರಡು ಮನೆಯವರು ಬೊಂಬಾಯಿಗೆ ಹೋದರು.

ಆದರೆ ಅವನನ್ನು ಮಣ್ಣು ಮಾಡಿದ ದಿನ ಗುಂಡಿಯ ಹತ್ತಿರ ಅಯ್ಯನವರು ಪ್ರಾರ್ಥನೆಗೆ ತಲೆ ಬಗ್ಗಿಸಿದಾಗ, ಮಗ್ಗವಿಲ್ಲದೆ, ಯಾರೂ ಕರೆಯದೆ, ನಾವೆಲ್ಲರೂ ಒಟ್ಟಿಗೆ ಗಂಟಲು ಬಿಟ್ಟೆವು. ಎಸ್ತೆರಕ್ಕನ ತುಟಿ ಅಲ್ಲಾಡುತ್ತಿತ್ತು. ನಾನು ಆಚೆ ನೋಡಿದೆ.