ಇನ್ನೊಂದೇ ಏರು

ಜಲ್ಲಿಯ ಸದ್ದು ಹಿಂದಿನಿಂದ ಬರುತ್ತಲೇ ಇದೆ, ಕರಕರ, ಕರಕರ, ಸದ್ಯ, ನಿಂತಿಲ್ಲ, ಆದರೆ ಇದು ಅವನ ಸದ್ದಲ್ಲ, ಅವನು ಭಾರೀ ಆಳು, ಅವನ ಚಕ್ರದ ಕೆಳಗೆ ಕಲ್ಲು ನುರಿಯುತ್ತಿತ್ತು, ಇದು ಹೆದರಿ ಹೆದರಿ ತುಳಿಯುವವಳ ಹಗುರ ಸದ್ದು, ಸೈಕಲ್ ಮಾತ್ರ ಅವನದ್ದೇ — ಅಂಗಡಿಯವನು ಸೀಟನ್ನು ನಾಲ್ಕು ಬೆರಳು ಇಳಿಸಿ ಕೊಟ್ಟ, ಸೀಟಿನ ಕಂಬದ ಮೇಲೆ ನನ್ನ ತಮ್ಮನ ಎತ್ತರಕ್ಕೆ ಬಿದ್ದಿದ್ದ ಗೀರು ಕೊಳವೆಯೊಳಗೆ ಇಳಿದು ಕಾಣದಾಯಿತು, ತಮ್ಮನ ಹೆಂಡತಿ ನೋಡುತ್ತಾ ನಿಂತಿದ್ದಳು, ನಾನೇ ಮುಖ ತಿರುಗಿಸಿಕೊಂಡೆ. ಅವನು ಹೋಗಿ ಎಂಟು ತಿಂಗಳು, ಎಂಟು ತಿಂಗಳಿಂದ ಅವಳದು ಒಂದೇ ಹಟ, ಅವರು ಬಿದ್ದ ಜಾಗ ನಾನು ನೋಡ್ಬೇಕು ಅಕ್ಕಾ, ಕರ್ಕೊಂಡು ಹೋಗಿ, ನಾನು ಒಂದಲ್ಲ ಒಂದು ನೆಪ ತೆಗೆದೆ, ದಾರಿ ಕೆಟ್ಟಿದೆ, ಅಂಚೆ ಕಚೇರೀಲಿ ರಜ ಕೊಡಲ್ಲ, ಅಲ್ಲಿಗೆ ಗಾಡಿ ಹೋಗಲ್ಲ, ನಿನಗೆ ಸೈಕಲ್ ಬರಲ್ಲವಲ್ಲ — ಅದನ್ನು ಹೇಳಬಾರದಿತ್ತು, ಸುಮ್ಮನೆ ಹೋಗಿ ಸಂಜೆ ಹೊತ್ತು ಮೈದಾನದಲ್ಲಿ ಕಲಿತಳು, ಮೂವತ್ತೆಂಟನೇ ವಯಸ್ಸಿಗೆ, ಎರಡೂ ಮೊಣಕಾಲು ತರಚಿಕೊಂಡು ಬಂದು ನನ್ನ ಬಾಗಿಲಲ್ಲಿ ನಿಂತಳು, ಈಗ ಏನ್ ಹೇಳ್ತೀರಿ ಅಂದಳು.

ಕಲ್ಲಿನ ಕಮಾನಿನ ಕೆಳಗೆ ನುಸುಳಿದೆವು, ತಣ್ಣಗಿನ ನೆರಳು ಒಂದು ಗಳಿಗೆ ಬೆನ್ನಿನ ಮೇಲೆ ಬಿದ್ದು ಜಾರಿತು, ಇಲ್ಲಿ ಮನೆಮನೆಯ ಬಾಗಿಲ ಮೇಲೂ ಇಸವಿ ಕೆತ್ತಿದ್ದಾರೆ, ಯಾರೋ ಅಜ್ಜಿ ಕಿಟಕಿಯಲ್ಲಿ ದಿಂಬು ಕೊಡವುತ್ತಿದ್ದಾಳೆ, ಮೋಟಾರಿನ ಗುರುಗುಟ್ಟುವಿಕೆ ಇಲ್ಲ, ಹಾರನ್ ಇಲ್ಲ, ಇದಕ್ಕಾಗಿಯೇ ಅಲ್ಲವೇ ನಾನೂ ತಮ್ಮನೂ ನಕಾಶೆಯನ್ನು ನೆಲದ ಮೇಲೆ ಹರಡಿಕೊಂಡು ಮೊಣಕಾಲೂರಿ ಕೂತದ್ದು, ಟಾರು ರಸ್ತೆ ಎಲ್ಲೆಲ್ಲಿ ಅಡ್ಡ ಬರುತ್ತದೋ ಅಲ್ಲೆಲ್ಲ ಬಳಸಿಕೊಂಡು, ಹಳೆಯ ಹಿಟ್ಟಿನ ಗಿರಣಿ, ಕಾಲುವೆ ದಂಡೆ, ಹೊಲದ ಅಂಚು, ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಸೂಜಿದಾರದಲ್ಲಿ ಪೋಣಿಸಿದ ಹಾಗೆ, ಗಾಡಿ ಗುದ್ದಿ ಯಾರಾದರೂ ಸತ್ತರೆ ಎನ್ನುವ ಭಯ ನನಗೆ, ನಿಂಗೆ ತಲೆ ಕೆಟ್ಟಿದೆ ಅಕ್ಕಾ, ಸಾಯೋಕೆ ಗಾಡೀನೇ ಬೇಕಾ ಅಂತ ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ನಗುತ್ತಿದ್ದ, ಬಡಗಿ ಅಲ್ಲವೇ, ಊಟಕ್ಕೆ ಕೂತರೂ ಕಿವಿಯಲ್ಲಿ ಪೆನ್ಸಿಲ್. ಹುಟ್ಟಾ ಸೋಮಾರಿ. ರಜಾದಿನ ನಾನು ಹದಿನೈದಿಪ್ಪತ್ತು ಜನರನ್ನು ಕರೆದುಕೊಂಡು ಹೊರಟರೆ ನಾನು ಮುಂದೆ, ಅವನು ಕಟ್ಟಕಡೆಗೆ, ಹಿಂದುಳಿದವರನ್ನು ಕೂಡಿಸಿಕೊಂಡು ಬರುವ ಕೆಲಸ, ಎಲ್ಲರೂ ಅವನನ್ನು ಬಾಲ ಅಂತಲೇ ಕರೆಯುತ್ತಿದ್ದರು, ಬಾಲ ಬಂತಾ, ಬಾಲ ಎಲ್ಲಿ. ಬಾಲದ ಹಿಂದೆ ಯಾರೂ ಇರುವುದಿಲ್ಲ, ಬಾಲ ಬಿದ್ದರೆ ನೋಡುವವರಿಲ್ಲ — ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಗಡಿಯಾರ ಗೋಪುರ ಬಂತು, ಮುಂದೆ ನೋಡು, ಎಡಕ್ಕೆ ನೋಡಬೇಡ, ಎಡಕ್ಕೆ ಹಸಿರು ಬಾಗಿಲು, ಪಿತ್ತಳೆಯ ಫಲಕ, ಅಕ್ಕಾ, ಇಲ್ಲೇ ಡಾಕ್ಟರ್ ಇದಾರಲ್ಲ, ಎಷ್ಟು ಹತ್ತಿರ ಅಲ್ವಾ, ಹೂಂ ಅಂದೆ, ಹೂಂ ಅನ್ನುವಷ್ಟು ಧೈರ್ಯವಾದರೂ ಇದೆಯಲ್ಲ ನನಗೆ. ಅವಳು ಏನೂ ಅರಿಯದೆ ಕೇಳಿದಳು, ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳಿಗೆ ಮೇಲಿನ ಸಾಲು ಕಾಣುತ್ತಾ ಕೆಳಗಿನ ಸಾಲು ಕಾಣುತ್ತಾ ಅಂತ ಕೇಳುವ ಅದೇ ದನಿಯಲ್ಲಿ. ಅವಳಿಗೆ ನಾನು ಹೇಳಿದ್ದು ಇಷ್ಟು, ಗಳಿಗೆಯಲ್ಲಿ ಮುಗೀತು, ನೋವೇ ಆಗ್ಲಿಲ್ಲ, ಮುಂಚೆ ಯಾವ ಸೂಚನೆಯೂ ಇರ್ಲಿಲ್ಲ, ಒಂದು ಮಾತೂ ಆಡ್ಲಿಲ್ಲ. ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು, ನೀವು ಜೊತೇಲಿದ್ರಲ್ಲ ಅಕ್ಕಾ, ಅದೇ ನನಗೆ ಸಮಾಧಾನ, ಆ ಕೈಗಳನ್ನು ಹಿಡಿದುಕೊಂಡೇ ಅಂದಳು.

ಸೇತುವೆ. ಅವತ್ತು ನಾವಿಬ್ಬರೇ ಬಂದಿದ್ದೆವು, ಇಲ್ಲೇ, ಈ ಮೋಟುಗೋಡೆಯ ಮೇಲೆ ಅವನು ಕುಳಿತ, ಬಾಟಲಿ ಎತ್ತಿ ನೀರು ಕುಡಿದ, ಗಲ್ಲದಿಂದ ನೀರು ಸೋರಿತು, ಯಾಕೋ ಎದೆ ಹಿಡ್ಕೊಂಡ ಹಾಗಿದೆ ಅಕ್ಕಾ, ನಾನು ಕಾಲೆಳೆದೆ, ನಿನಗೆ ಏರು ಕಂಡಾಗೆಲ್ಲ ಎಲ್ಲಾದರೊಂದು ಕಡೆ ಹಿಡ್ಕೊಳ್ಳುತ್ತೆ, ಅವನೂ ನಕ್ಕ, ನಗುವಾಗ ಅಂಗೈ ಎದೆಯ ಮೇಲೇ ಇತ್ತು, ಅದು ನನಗೆ ಕಾಣಿಸಿತು, ಕಾಣಿಸಲಿಲ್ಲ ಅಂತ ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೆ, ಕಾಣಿಸಿತು. ಸೇತುವೆಯಾಚೆಯ ದಾರಿ ಅವನಿಗೆ ಹೊಸದು, ಹಿಂದಿನ ವಾರ ನಾನೊಬ್ಬಳೇ ಬಂದು ನೋಡಿಕೊಂಡು ಹೋಗಿದ್ದೆ, ಮೂರು ಏರು, ಎರಡನೆಯದು ಕಡಿದು, ಮೂರನೆಯದು ಉದ್ದ. ನಾನು ಹೊರಟೆ, ಹತ್ತು ಗಜ ಹೋಗಿರಬೇಕು, ಹಿಂದಿನಿಂದ ಗಂಟೆ, ಟಿಣ್ ಟಿಣ್ — ಬಯಲಿನಲ್ಲಿ ಗಾಳಿ ಮಾತನ್ನು ಹೊತ್ತುಕೊಂಡು ಹೋಗುತ್ತದೆಂದು ನಾವೇ ಮಾಡಿಕೊಂಡ ಭಾಷೆ, ಎರಡು ಸಲ ಗಂಟೆ ಬಾರಿಸಿದರೆ ಇನ್ನೆಷ್ಟು ಏರು ಅಂತ, ಮುಂದಿನವರು ತಲೆಯ ಮೇಲೆ ಕೈಯೆತ್ತಿ ಬೆರಳಲ್ಲಿ ಹೇಳಬೇಕು. ಮುಂದೆ ಹೋಗುವವರೆಲ್ಲರೂ ಹೇಳುವುದು ಒಂದೇ, ಏರು ಐದಿರಲಿ ಏಳಿರಲಿ ಒಂದೇ ಅನ್ನಬೇಕು, ಇದ್ದದ್ದು ಇದ್ದ ಹಾಗೆ ಹೇಳಿದರೆ ಅರ್ಧ ಜನ ಇಳಿದು ಕುಳಿತುಬಿಡುತ್ತಾರೆ, ಇನ್ನೊಂದೇ, ಇನ್ನೊಂದೇ ಅಂತ ಪುಸಲಾಯಿಸಿ ಹತ್ತಿಸಿ ಬಿಡುವುದು, ಮೇಲೆ ಹೋದ ಮೇಲೆ ಎಲ್ಲರೂ ಬೈಯುತ್ತಾರೆ, ನಗುತ್ತಾರೆ, ಮುಂದಿನ ವಾರ ಮತ್ತೆ ಬರುತ್ತಾರೆ. ಅವನಿಗೆ ಏಳು ವರ್ಷ ಆಗಿದ್ದಾಗಿಂದ ಹೇಳಿದ್ದೇನೆ, ಸೈಕಲ್ಲಿನ ಹಿಂದೆ ಓಡುತ್ತಾ, ಇನ್ನೊಂದೇ ಸುತ್ತು ಕಣೋ, ಇನ್ನೊಂದೇ. ಅವತ್ತೂ ಕೈಯೆತ್ತಿದೆ. ತಿರುಗಿಯೂ ನೋಡಲಿಲ್ಲ. ಒಂದು ಬೆರಳು.

ಮೂರು ಅಂದಿದ್ದರೆ ಅವನು ಸೈಕಲ್ ತಿರುಗಿಸುತ್ತಿದ್ದ, ಖಂಡಿತ ತಿರುಗಿಸುತ್ತಿದ್ದ, ಹೋಗೇ ಮಾರಾಯ್ತಿ, ನೀನೇ ಹತ್ತು ಅಂತ ಕೂಗಿ ಇಳಿಜಾರಿನಲ್ಲಿ ಉರುಳಿಕೊಂಡು ಹೋಗುತ್ತಿದ್ದ, ಪೆಡಲು ತುಳಿಯುವ ಕೆಲಸವೂ ಇಲ್ಲ, ಮೂರೇ ನಿಮಿಷ, ಹಸಿರು ಬಾಗಿಲು, ಡಾಕ್ಟರು ಒಳಗೇ ಇದ್ದರು, ಆಮೇಲೆ ಅವರೇ ಅಂದರಲ್ಲ, ಅರ್ಧ ಗಂಟೆ ಮುಂಚೆ ನನ್ನ ಹತ್ರ ಬಂದಿದ್ರೆ. ಒಂದೇ ಅಂದದ್ದರಿಂದ ಬಂದ. ಮೊದಲ ಏರಿನ ನೆತ್ತಿಯಲ್ಲಿ ನನ್ನ ಪಕ್ಕ ಬಂದು ನಿಂತ, ಎದುರಿಗೆ ಎರಡನೆಯದು ಗೋಡೆಯ ಹಾಗೆ ಎದ್ದಿತ್ತು, ತುಟಿಯ ಸುತ್ತ ಬೂದಿ ಬಣ್ಣ, ನಿನ್ನ ಒಂದು ಅಂದ್ರೆ ಯಾವಾಗ್ಲೂ ಹೀಗೇ ಬಿಡು ಅಕ್ಕಾ ಅಂದ, ನಕ್ಕ, ಬಯ್ಯಲಿಲ್ಲ, ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ನಾನು ಮತ್ತೆ ಮುಂದೆ ಹೊರಟೆ. ಅರ್ಧ ಏರಿನಲ್ಲಿ ಹಿಂದೆ ಜಲ್ಲಿಯ ಸದ್ದು ನಿಂತಿತು, ಇಳಿದು ತಳ್ಳಿಕೊಂಡು ಬರುತ್ತಿದ್ದಾನೆ ಅಂದುಕೊಂಡೆ, ಮೇಲೆ ಹೋಗಿ ಸೈಕಲ್ ಒರಗಿಸಿ ನೀರು ಕುಡಿದೆ, ಬೂಟು ಬಿಚ್ಚಿ ಕಲ್ಲು ಕೊಡವಿದೆ, ಸಿಟ್ಟು ಬಂತು, ಈ ಮನುಷ್ಯ ಯಾವತ್ತು ಸರಿಯಾದ ಹೊತ್ತಿಗೆ ಬಂದಿದ್ದಾನೆ ಅಂತ, ಅವನು ದಾರಿಯ ಬದಿಯಲ್ಲಿ ಮುಖ ಅಡಿಯಾಗಿ ಬಿದ್ದಿರುವಾಗ ನಾನು ಮೇಲೆ ನಿಂತು ಅವನನ್ನು ಬಯ್ಯುತ್ತಿದ್ದೆ. ನನ್ನ ತಮ್ಮ. ನನ್ನ ಸೊಂಟದ ಮೇಲೆ ಬೆಳೆದವನು.

ಜಲ್ಲಿಯ ಸದ್ದು ನಿಂತಿತು — ತಿರುಗಿದೆ, ತಿರುಗಲು ಕಲಿತಿದ್ದೇನೆ ಈಗ, ಏನಿಲ್ಲ, ಸೇತುವೆ ದಾಟಿ ಕಾಲೂರಿ ನಿಂತಿದ್ದಾಳೆ, ಸೆರಗಿಗೆ ಬದಲು ಅವನ ಹಳೆಯ ಅಂಗಿಯ ತೋಳಿನಿಂದ ಬೆವರು ಒರೆಸಿಕೊಳ್ಳುತ್ತಿದ್ದಾಳೆ, ಮುಖ ಕೆಂಪಗೆ. ಅಕ್ಕಾ, ಇನ್ನೆಷ್ಟು ಏರಿದೆ. ಒಂದು ಎನ್ನುವುದು ನಾಲಿಗೆಯ ತುದಿಗೆ ತಾನಾಗಿಯೇ ಬಂದು ಕೂತಿತು, ನುಂಗಿದೆ, ಮೂರು ಅಂದೆ, ಜನ್ಮದಲ್ಲಿ ಮೊದಲ ಸಲ ಇದ್ದದ್ದು ಇದ್ದ ಹಾಗೆ, ಮೂರಿದೆ ಕಣಮ್ಮ, ಆಗಲ್ಲ ಅನ್ಸಿದ್ರೆ ವಾಪಸ್ ಹೋಗೋಣ. ಅಯ್ಯೋ ಮೂರಾ, ಅವಳು ನಗುತ್ತಾಳೆ, ಎಂಟು ತಿಂಗಳಲ್ಲಿ ನಾನು ನೋಡದ ನಗು, ನಮ್ಮನೆ ಮಹಡಿ ಮೆಟ್ಟಿಲು ಹತ್ತಕ್ಕೂ ಗೊಣಗ್ತಿದ್ದ ಮನುಷ್ಯ, ಮೂರು ಏರು ಅಂದ್ಮೇಲೂ ಹತ್ತಕ್ಕೆ ಹೊರಟ್ರಾ, ನಂಬಕ್ಕೇ ಆಗಲ್ಲ, ಅವರಿಗೂ ಮೂರು ಅಂತಾನೇ ಹೇಳಿದ್ರಾ ಅಕ್ಕಾ. ಹೂಂ ಅಂದರೆ ಮುಗಿಯಿತು, ಹೂಂ ಅಂದರೆ ಅವಳು ಇನ್ನೂ ಸ್ವಲ್ಪ ಹೊತ್ತು ಹೀಗೇ ನಗುತ್ತಿರುತ್ತಾಳೆ, ಗಂಡನನ್ನು ನೆನೆದು, ಅಷ್ಟು ಗಟ್ಟಿಗರಾಗಿದ್ದರಲ್ಲ ಅಂದುಕೊಂಡು, ನಾನು ಬಾಯಿ ತೆರೆದೆ, ಬಾಯಲ್ಲಿ ಗಾಳಿಯಷ್ಟೇ, ಕೈ ಹ್ಯಾಂಡಲ್ ಬಿಟ್ಟಿತು, ನಾನು ಎತ್ತಲಿಲ್ಲ, ಅದೇ ಎದ್ದಿತು, ತಲೆಯ ಮೇಲೆ, ಬಿಸಿಲಿನಲ್ಲಿ, ಅವಳ ನಗು ಇನ್ನೂ ತುಟಿಯ ಮೇಲೆ ಇರುವಂತೆಯೇ ಅವಳ ಕಣ್ಣು ನನ್ನ ಬೆರಳಿನತ್ತ ಹೋಯಿತು, ಕೆಳಗಿನ ಹಳ್ಳಿಯ ಗಡಿಯಾರ ಗೋಪುರದತ್ತ ಹೋಯಿತು, ತಿರುಗಿ ಬೆರಳಿಗೆ ಬಂತು, ನೋಡುತ್ತಿದ್ದಾಳೆ, ನೋಡುತ್ತಲೇ ಇದ್ದಾಳೆ, ಇಳಿಸಲು ಆಗುತ್ತಿಲ್ಲ — ಬೆರಳು, ನನ್ನ ಬೆರಳು, ಒಂದು