ಇಟಲಿ ಅಕ್ಕ

ಹಳೆಯ ಕಾರು ಕೊಳ್ಳಹೋದವರು ಸಾಮಾನ್ಯವಾಗಿ ಬಾನೆಟ್ಟು ಎತ್ತಿಸಿ ಎಂಜಿನ್ನಿನೊಳಕ್ಕೆ ಇಣುಕುತ್ತಾರೆ, ಇಲ್ಲವೇ ಸ್ಟಿಯರಿಂಗಿನ ಹಿಂದೆ ಕುಳಿತು ರಾಜಗಾಂಭೀರ್ಯದಿಂದ ಕನ್ನಡಿ ಸರಿಪಡಿಸಿಕೊಳ್ಳುತ್ತಾರೆ. ಇಟಲಿ ಅಕ್ಕ ಮಾತ್ರ ಹಿಂದಿನ ಬಾಗಿಲು ತೆಗೆದು, ಹಿಂಬದಿಯ ಸೀಟಿನ ನಟ್ಟನಡುವೆ ಕೂತು, ಧ್ಯಾನಕ್ಕಿಳಿದವರಂತೆ ಕಣ್ಣು ಮುಚ್ಚಿ, ಮಾರಲು ಬಂದವನಿಗೆ "ಓಡ್ಸಿ" ಎನ್ನುತ್ತಿದ್ದರು. ಒಂದು ಸುತ್ತು ಮುಗಿಯುವಷ್ಟರಲ್ಲಿ ಆ ಕಾರಿನ ಜಾತಕ ಅವರಿಗೆ ತಿಳಿದಿರುತ್ತಿತ್ತು. "ಓಡ್ಸೋನಿಗೆ ಯಾವ ಕಾರಾದ್ರೂ ಚೆನ್ನಾಗೇ ಇರತ್ತೆ. ಅದರ ಸುಳ್ಳೆಲ್ಲ ಗೊತ್ತಾಗೋದು ಹಿಂದೆ ಕೂತೋರ ಬೆನ್ನಿಗೆ," ಎಂದು ಒಮ್ಮೆ ನನಗೆ ಹೇಳಿದ್ದರು.

ನಮ್ಮ ಮನೆಯ ಎದುರಿಗೇ ಅವರ ಶೆಡ್ಡು. ಓಟದ ಪಂದ್ಯದ ಕೆಂಪು ಕಾರುಗಳನ್ನು ಅವರು ಕಣ್ಣೆತ್ತಿಯೂ ನೋಡಿದವರಲ್ಲ. ಅಪ್ಪ, ಅಮ್ಮ, ಅಜ್ಜಿ, ಮಕ್ಕಳು, ಗಂಟುಮೂಟೆ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಏದುಸಿರು ಬಿಡುತ್ತ ಬೆಟ್ಟ ಹತ್ತಲೆಂದೇ ಇಟಲಿಯ ಕಾರ್ಖಾನೆಗಳು ಒಂದಾನೊಂದು ಕಾಲದಲ್ಲಿ ತಯಾರಿಸಿದ, ದುಂಡುಗಣ್ಣಿನ, ನಾಲ್ಕು ಬಾಗಿಲಿನ ಸಂಸಾರವಂದಿಗ ಕಾರುಗಳೇ ಅವರ ಸರ್ವಸ್ವ. ಎಲ್ಲೆಲ್ಲೋ ಗುಜರಿಯ ಅಂಚಿಗೆ ಬಂದು ನಿಂತವನ್ನು ಕೊಂಡು ತಂದು, ತಮ್ಮನ ಕೈಯಲ್ಲಿ ಜೀವ ತುಂಬಿಸಿ ಮಾರುತ್ತಿದ್ದರು. ಇಟಲಿಯನ್ನು ಕಂಡವರೇ ಅಲ್ಲ. ಆ ಹೆಸರು ಬೀದಿಯವರು ಇಟ್ಟದ್ದು. ಸದಾ ತೊಡುತ್ತಿದ್ದ ಗಂಡಸರ ಬೂದು ಕೋಟಿನ ಎಡಜೇಬಿನಲ್ಲಿ ಟಾರ್ಚು, ಸ್ಕ್ರೂಡ್ರೈವರು, ಬಟ್ಟೆ ಸುತ್ತಿದ ಆಯಸ್ಕಾಂತ. ಆ ಭಾರಕ್ಕೆ ಅವರ ನಡಿಗೆಯೇ ಎಡಕ್ಕೆ ವಾಲಿತ್ತು. ಕೋಟು ಕಳಚಿದ ಮೇಲೂ ಹಾಗೆಯೇ ನಡೆಯುತ್ತಿದ್ದರು. ತಮ್ಮ ಸರಕನ್ನು ಹೊಗಳಲು ಅವರಿಗಿದ್ದದ್ದು ಒಂದೇ ಮಾತು: "ಪರವಾಗಿಲ್ಲ." ಅದು ಆ ಬಾಯಿಯಿಂದ ಬರಬಹುದಾದ ಪರಮ ಪ್ರಶಸ್ತಿಯೆಂದು ತಿಳಿಯದ ಎಷ್ಟೋ ಗಿರಾಕಿಗಳು ಮುಖ ಸಣ್ಣದು ಮಾಡಿಕೊಂಡು ಹಿಂತಿರುಗಿದ್ದುಂಟು.

ಅವರ ನಿಜವಾದ ಎತ್ತರವನ್ನು ನಾನು ಕಂಡದ್ದು ತಿಳಿನೀಲಿ ಕಾರೊಂದನ್ನು ಒಪ್ಪಿಸಬೇಕಾಗಿದ್ದ ಬೆಳಗ್ಗೆ. ಕೊಂಡವರು ಪಕ್ಕದ ಬೀದಿಯ ಬೇಕರಿಯವರು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಮುದಿ ತಾಯಿಯೊಂದಿಗೆ ಮದುವೆಮನೆಗೆ ಹೊರಟವರಂತೆ ಬಂದಿದ್ದರು. ಅಕ್ಕನ ತಮ್ಮ ಅದರ ತಗಡು ತಟ್ಟಿ, ಬಣ್ಣ ಹೊಡೆದು, ಮುಖ ಕಾಣುವಷ್ಟು ಮಿರುಗಿಸಿದ್ದ. ಎಲ್ಲರೂ ಒಳಗೆ ಕೂತರು. ಅಕ್ಕ ಹಿಂದಿನ ಬಾಗಿಲು ಮುಚ್ಚಿದರು. ಖಾಲಿಯಿದ್ದಾಗ ಮೆಲ್ಲಗೆ ಕಚ್ಚಿಕೊಳ್ಳುತ್ತಿದ್ದ ಆ ಬಾಗಿಲು, ಐವರ ಭಾರ ಬಿದ್ದೊಡನೆ ಕೆಳಗೆಲ್ಲೋ ತುಸುವೇ ಉಜ್ಜಿತು. ನನಗದು ಕೇಳಿಸಲೂ ಇಲ್ಲ. ಅಕ್ಕನ ಮುಖ ಮಾತ್ರ ಬದಲಾಯಿತು.

"ಎಲ್ರೂ ಒಂದ್ ನಿಮಿಷ ಇಳೀತೀರಾ?"

ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯುವ ಉಕ್ಕಿನ ತೊಲೆಯೇ ಇಂಥ ಕಾರಿನ ಬೆನ್ನೆಲುಬು. ಅಕ್ಕ ಮಂಡಿಯೂರಿ ಅದಕ್ಕೆ ಆಯಸ್ಕಾಂತ ಹಚ್ಚಿದರು. ಹಿಡಿಯಲಿಲ್ಲ, ಜಾರಿ ನೆಲಕ್ಕೆ ಬಿತ್ತು. ಬೇರೆಯವರ ಕೆಲಸವನ್ನೆಲ್ಲ ಆ ಆಯಸ್ಕಾಂತದಿಂದ ಅಳೆಯುತ್ತಿದ್ದವರು ತಮ್ಮನ ಕೆಲಸಕ್ಕೆ ಅದನ್ನು ಎಂದೂ ಮುಟ್ಟಿಸಿರಲಿಲ್ಲ. ಸ್ಕ್ರೂಡ್ರೈವರು ಹೊರಬಂತು.

"ಅಕ್ಕಾ, ಬೇಡ," ಎಂದ ತಮ್ಮ, ಬಲು ಸಣ್ಣ ದನಿಯಲ್ಲಿ.

ಅವರು ಅವನತ್ತ ಒಮ್ಮೆ ನೋಡಿ, ಹೊಳೆಯುವ ಆ ನೀಲಿಯ ನಡುವಿಗೆ ಸ್ಕ್ರೂಡ್ರೈವರನ್ನು ಇರಿದೇಬಿಟ್ಟರು. ಬೆಣ್ಣೆಗೆ ಇರಿದಂತೆ ಹಿಡಿಯವರೆಗೂ ಇಳಿಯಿತು. ಬಣ್ಣದ ಚಕ್ಕೆ ಉದುರಿತು, ಅದರ ಹಿಂದೆ ತೂತು ಮುಚ್ಚಲು ಮೆತ್ತಿದ್ದ ಪುಟ್ಟಿ, ಅದರ ಹಿಂದೆ ತುಕ್ಕಿನ ಕೆಂಪು ಹುಡಿ.

"ಏನಮ್ಮಾ ಇದು! ನಮ್ ಕಾರಿಗೇ ತೂತು ಹಾಕ್ತಿದೀರಲ್ಲ!" ಎಂದು ಬೇಕರಿಯವರು ಕೂಗಿದರು.

"ಇನ್ನೂ ನಿಮ್ದಾಗಿಲ್ಲ, ಪುಣ್ಯಕ್ಕೆ. ತಪ್ಪು ನಂದು. ಸರಿಯಾಗಿ ನೋಡ್ದೆ ಮಾತು ಕೊಟ್ಟೆ."

ಮಕ್ಕಳು ಅಳತೊಡಗಿದರು, ಬೇಕರಿಯವರು ಸಿಡಿಮಿಡಿಗುಟ್ಟುತ್ತ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಟರು. ಅಜ್ಜಿ ಮಾತ್ರ ಬಗ್ಗಿ ಆ ತೂತಿಗೆ ಬೆರಳಿಟ್ಟು ನೋಡಿ, "ನೀನು ಸರಿ ಮಾಡಮ್ಮ, ನಾವು ಕಾಯ್ತೀವಿ. ನನ್ ಮಗನ ಕೋಪ ಹಾಲುಕ್ಕಿದ ಹಾಗೆ," ಎಂದು ಹೇಳಿ ನಿಧಾನವಾಗಿ ಅವರ ಹಿಂದೆ ನಡೆದರು.

"ಎಲ್ಲರ ಮುಂದೆ ನನ್ ಮಾನ ಕಳೆದೆ," ಎಂದ ತಮ್ಮ.

"ನಾನ್ ನಿನ್ ಹೆಸರು ಎತ್ತಿದ್ನಾ?"

"ಎತ್ತಬೇಕಿತ್ತಾ? ತಗಡಿನ ಕೆಲಸ ಯಾರದು ಅಂತ ಊರಿಗೇ ಗೊತ್ತು." ಕೈಗವಸು ಕಿತ್ತೆಸೆದು ಹೊರಟುಹೋದ.

ಅವನ ಹೆಂಡತಿ ಆಸ್ಪತ್ರೆ ಸೇರಿ ತಿಂಗಳ ಮೇಲಾಗಿತ್ತು. ಹಗಲು ಅಲ್ಲಿ, ನಡುನಡುವೆ ಇಲ್ಲಿ, ನಿದ್ದೆಗೆಟ್ಟ ಕಣ್ಣಿನಲ್ಲಿ ಅವನು ಉಕ್ಕು ಕತ್ತರಿಸಿ ಬೆಸೆಯಬೇಕಾದಲ್ಲಿ ಪುಟ್ಟಿ ಮೆತ್ತಿದ್ದ. ಅಕ್ಕನಿಗೆ ಕಾಯಿಲೆಯ ಸುದ್ದಿ ಗೊತ್ತಿತ್ತು. ಅದು ತಮ್ಮನನ್ನು ಎಷ್ಟು ಅರೆದಿತ್ತೆಂಬುದು ಗೊತ್ತಿರಲಿಲ್ಲ. ಮರುದಿನ ಶೆಡ್ಡಿನ ಬಾಗಿಲು ಎಳೆದು, ಎಡಕ್ಕೆ ವಾಲುತ್ತ, ನೇರ ಆಸ್ಪತ್ರೆಗೆ ನಡೆದರು. ನಾದಿನಿಯ ತಲೆ ಬಾಚಿ, ಗಂಜಿ ಕುಡಿಸಿದರು. ಬಾಗಿಲಲ್ಲಿ ಕಲ್ಲಿನಂತೆ ನಿಂತಿದ್ದ ತಮ್ಮನ ಕ್ಷಮೆ ಕೇಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. "ಇವಳನ್ನ ನಾನ್ ನೋಡ್ಕೋತೀನಿ. ನೀನು ಮೊದ್ಲು ಮನೆಗ್ ಹೋಗಿ ಮಲಕ್ಕೋ. ಆಮೇಲೆ ಕಾರ್ ನೋಡು," ಎಂದರಂತೆ. ಇದನ್ನು ನನಗೆ ಹೇಳುವಾಗ ಆ ತಮ್ಮ ಬೀದಿಯ ಕಡೆ ತಿರುಗಿದ್ದ.

ಅವನು ಕೆಲವು ದಿನ ಮುನಿಸಿನಲ್ಲೇ ಇದ್ದ, ಆಮೇಲೆ ಬಂದ. ಕಾರನ್ನು ಪೂರ್ತಿ ಬಿಚ್ಚಿದ. ಹೆಂಡತಿ ಮನೆಗೆ ಮರಳುವ ಹೊತ್ತಿಗೆ ಹೊಸ ಉಕ್ಕಿನ ತೊಲೆ ಕೂತಿತ್ತು. ಬೇಕರಿಯವರು ಮತ್ತೆ ಬಂದಾಗ ಅಕ್ಕ ಕೀಲಿಕೈಗಿಂತ ಮೊದಲು ಅವರ ಕೈಗೆ ಸುತ್ತಿಗೆ ಕೊಟ್ಟರು.

"ಕೆಳಗೆ ಹೊಡೀರಿ. ಸಂಕೋಚ ಬೇಡ, ಜೋರಾಗೇ ಹೊಡೀರಿ."

ಅವರು ಹೊಡೆದರು. ಉಕ್ಕು ಗಂಟೆಯಂತೆ ನುಡಿಯಿತು. ಮೂಲೆಯಲ್ಲಿ ನಿಂತಿದ್ದ ತಮ್ಮ ತಲೆ ಎತ್ತಿದ.

ಚೆಲುವಿಗೆ ಮನಸೋಲುವವರು ಲೋಕದಲ್ಲಿ ಬೇಕಾದಷ್ಟು ಮಂದಿ. ಆದರೆ ಆ ಚೆಲುವನ್ನು ನಂಬಿ ಅದರೊಳಗೆ ಮಕ್ಕಳನ್ನು ಕೂರಿಸುವ ಅಪರಿಚಿತರಿಗಾಗಿ, ತಾವೇ ಸಾಕಿ ಬೆಳೆಸಿದ ಚೆಲುವಿನ ಎದೆಗೆ ಇರಿಯಬಲ್ಲವರು ತೀರ ವಿರಳ. ಅಂಥವರ ಹತ್ತಿರದವರಾಗಿರುವುದು ಸುಖದ ಸಂಗತಿಯೇನಲ್ಲ. ಅವರ ಪ್ರೀತಿಯೂ ಮೊದಲು ನೋವಾಗಿಯೇ ತಾಕುತ್ತದೆ. ಆದರೂ ನಾವೆಲ್ಲ ಯಾರೋ ಕಟ್ಟಿದ ಸೇತುವೆಯ ಮೇಲೆ, ಯಾರೋ ಬೆಸೆದ ಉಕ್ಕಿನೊಳಗೆ ನಿಶ್ಚಿಂತೆಯಿಂದ ತೂಕಡಿಸುತ್ತ ಊರು ತಲುಪುತ್ತೇವೆ. ಹಾಗೆ ತಲುಪಿಸಿದವರ ಮುಖ ನಮಗೆ ತಿಳಿಯುವುದೇ ಇಲ್ಲ. ಅವರಿಗೂ ಅದು ಬೇಕಿರುವುದಿಲ್ಲ.