ಅಣ್ಣ ಕಟ್ಟಿದ ನಾದ

ಅಣ್ಣ ತೀರಿಕೊಂಡ ಮೇಲೆ, ಅರ್ಧಕ್ಕೆ ನಿಂತ ಅವನ ಸಂಗೀತದ ಆಲ್ಬಮ್ಮನ್ನು ಮುಗಿಸಲು ತಂಗಿ ಟೊಂಕ ಕಟ್ಟಿದಳು. ಅವನು ವರ್ಷಗಟ್ಟಲೆ ಗುಂಡಿ ತಿರುಗಿಸಿ ಕಟ್ಟಿದ ನಾದಗಳೆಲ್ಲ ಹಳೇ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ಮೆಮೊರಿಯಲ್ಲಿದ್ದವು. ಅವನ್ನು ಉಳಿಸಿಕೊಂಡಿದ್ದುದು ಒಳಗಿನ ಪುಟ್ಟ ಬ್ಯಾಟರಿ. ಅದು ಸೋರುತ್ತಿದೆಯೆಂದು ಅವಳು ಕಿತ್ತು ಹೊಸದು ಹಾಕಿದಳು. ಮೊದಲೇ ನಕಲು ತೆಗೆದಿಡಬೇಕೆಂಬುದು ಹೊಳೆಯಲೇ ಇಲ್ಲ. ಸ್ವಿಚ್ ಒತ್ತಿದರೆ ಎಲ್ಲ ಖಾಲಿ.

ಆ ನಾದಗಳನ್ನು ಮತ್ತೆ ಕಟ್ಟಲು ಹುಚ್ಚು ಹಿಡಿದವಳಂತೆ ಗುಂಡಿಗಳನ್ನು ತಿರುಗಿಸತೊಡಗಿದಳು.

ಅಮ್ಮ ಬಾಗಿಲಿಗೆ ಬಂದು, "ಅವನು ಮಾಡಿದ್ದು ಸ್ವಲ್ಪ ಹಾಕೇ, ಕೇಳ್ಬೇಕು ಅನಿಸ್ತಿದೆ" ಎಂದಳು.

"ಹೋಯ್ತಮ್ಮ, ನನ್ನ ಕೈಯಾರೆ ಅಳಿಸಿಬಿಟ್ಟೆ."

ಅಮ್ಮ ಬೈಯಲಿಲ್ಲ. ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿದಳು. "ತಿರುಗ್ಸು. ಅದೇ ಥರ ಬಂದ್ರೆ ಹೇಳ್ತೀನಿ."

ಸಂಜೆಯವರೆಗೂ ಅವಳು ತಿರುಗಿಸುತ್ತಲೇ ಇದ್ದಳು. ಅಮ್ಮ ಒಮ್ಮೆಯೂ "ಇದೇ" ಅನ್ನಲಿಲ್ಲ.